ರಾಸ್ಪ್‌ಬೆರಿ ಪೈ 4 ಮೇಲೆ ರೆಟ್ರೋಪೈ: ಆಟ ಸೊಗಸು, ಬ್ಲೂಟೂತ್ ಪಳಗಿಸಬೇಕು

ರೆಟ್ರೋಪೈ ಎಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಳೆಯ ವಿಡಿಯೋ ಗೇಮ್ ಆಡಿಸುವ ತಂತ್ರಾಂಶ. ಎನ್‌ಇಎಸ್, ಮೆಗಾ ಡ್ರೈವ್, ಪ್ಲೇಸ್ಟೇಷನ್ 1ರಂಥ ಹಳೆಯ ಗೇಮ್ ಯಂತ್ರಗಳ ಆಟಗಳು ಪೈ 4ರಲ್ಲಿ ಎಷ್ಟು ಚೆನ್ನಾಗಿ ಓಡುತ್ತವೆ ಎನ್ನುವುದು ಎಲ್ಲರಿಗೂ ಗೊತ್ತು. ಬಹಳ ಕಾಲ ಬಳಸಿದ ಮೇಲೆ ಹೇಳಬೇಕಾಗಿ ಬರುವುದು ವೈರಿಲ್ಲದ ಪ್ಯಾಡ್ (ಆಟದ ಕಂಟ್ರೋಲರ್), ಕೀಬೋರ್ಡುಗಳ ಬ್ಲೂಟೂತ್ ವಿಷಯ. ಬಟನ್ ಒತ್ತಿದರೂ ಮರಿಯೋ ಹಾರದೆ ಗುಂಡಿಗೆ ಬೀಳುತ್ತಾನೆ. ಕೈ ಬಿಟ್ಟ ಮೇಲೂ ಕಾರು ಎಡಕ್ಕೇ ಎಳೆಯುತ್ತದೆ. ಪ್ಯಾಡ್ ಕೆಟ್ಟಿದೆ ಅಂದುಕೊಂಡು ಹೊಸದಕ್ಕೆ ದುಡ್ಡು ಹಾಕುವವರು ಬಹಳ. ಅದಕ್ಕೂ ಮೊದಲು ನೀಲಿ ಪೋರ್ಟಿಗೆ ಏನು ಚುಚ್ಚಿದ್ದೀರಿ ನೋಡಿ.

ನೀಲಿ ಬಣ್ಣದವು ಯುಎಸ್‌ಬಿ 3 ಪೋರ್ಟ್. ಅಲ್ಲಿ ಆಟಗಳನ್ನಿಟ್ಟ ಎಸ್‌ಎಸ್‌ಡಿ ಡಿಸ್ಕ್ ಕೆಲಸ ಮಾಡುವಾಗ ಕೇಬಲ್ ಮತ್ತು ಕನೆಕ್ಟರ್‌ನಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಹೊರಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಬ್ಲೂಟೂತ್ ಓಡಾಡುವುದೂ ಅದೇ ಪಟ್ಟಿಯಲ್ಲಿ. ಸಾಲದ್ದಕ್ಕೆ ಪೈ 4ರಲ್ಲಿ ವೈಫೈಗೂ ಬ್ಲೂಟೂತ್‌ಗೂ ಒಂದೇ ಚಿಪ್, ಒಂದೇ ಆಂಟೆನಾ. ಎಸ್‌ಎಸ್‌ಡಿಯನ್ನು ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2ಕ್ಕೆ, ಬದಲಿಸಿ ಆಡಿ ನೋಡಿ. ಬಟನ್ ಅಂಟಿಕೊಳ್ಳುವುದು ನಿಂತರೆ ಕಾರಣ ಸಿಕ್ಕಿತು. ಹಳೆಯ ಆಟಗಳು ಲೋಡ್ ಆಗಲು ಯುಎಸ್‌ಬಿ 2ರ ವೇಗ ಧಾರಾಳ. ನೀಲಿ ಪೋರ್ಟೇ ಬೇಕೆಂದರೆ ಒಳ್ಳೆಯ ಶೀಲ್ಡ್ ಇರುವ ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಿಸ್ಕನ್ನು ದೂರ ಇಡಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಸರಿಸಿ. ಪೈಯ ಸೆಟ್ಟಿಂಗ್ ಮೆನುವಾದ ರಾಸ್ಪಿ-ಕಾನ್ಫಿಗ್‌ನಲ್ಲಿ ನೀವಿರುವ ದೇಶವನ್ನು ಆರಿಸಿರಬೇಕು, ಇಲ್ಲದಿದ್ದರೆ ಆ ನೆಟ್‌ವರ್ಕ್ ಕಾಣದೇ ಹೋಗಬಹುದು. ಪೂರ್ತಿ ಮುಚ್ಚುವ ಅಲ್ಯೂಮಿನಿಯಂ ಕೇಸ್ ತಂಪು ನಿಜ, ಆದರೆ ಸಿಗ್ನಲ್ಲಿಗೆ ತಡೆ. ಬ್ಲೂಟೂತ್ ಪ್ಯಾಡ್ ಬಳಸುವವರಿಗೆ ಪ್ಲಾಸ್ಟಿಕ್ ಕೇಸೇ ವಾಸಿ.

ಇಷ್ಟಾದರೂ ಕಡಿದುಹೋಗುತ್ತಿದ್ದರೆ ಮಾತ್ರ ಯುಎಸ್‌ಬಿ ಡಾಂಗಲ್, ಅಂದರೆ ಪೋರ್ಟಿಗೆ ಚುಚ್ಚುವ ಪ್ರತ್ಯೇಕ ಬ್ಲೂಟೂತ್ ಅಡಾಪ್ಟರ್. ಬೂಟ್ ವಿಭಾಗದ ಕಾನ್ಫಿಗ್ ಕಡತದಲ್ಲಿ ಡಿಸೇಬಲ್-ಬಿಟಿ ಓವರ್‌ಲೇ ಸಾಲು ಸೇರಿಸಿ, ಒಳಗಿನ ಬ್ಲೂಟೂತ್ ನಿಲ್ಲಿಸಿ, ರೀಬೂಟ್ ಮಾಡಿ. ಪ್ಯಾಡನ್ನು ಜೋಡಿಸುವ ಪೇರಿಂಗ್‌ನ ಗುಟ್ಟಿನ ಕೀಗಳು ಆಯಾ ಅಡಾಪ್ಟರ್‌ನ ಹೆಸರಿನಲ್ಲಿ ಉಳಿಯುವುದರಿಂದ ಎಲ್ಲವನ್ನೂ ಹೊಸದಾಗಿ ಪೇರ್ ಮಾಡಬೇಕು. ತೀರಾ ಅಗ್ಗದ ಡಾಂಗಲ್‌ಗಳಲ್ಲಿ ಸಿಎಸ್‌ಆರ್ ಚಿಪ್‌ನ ನಕಲುಗಳೇ ತುಂಬಿವೆ. ಲಿನಕ್ಸ್‌ನಲ್ಲಿ ಅವುಗಳನ್ನು ನಂಬುವ ಹಾಗಿಲ್ಲ.

ಪೇರಿಂಗ್‌ನಲ್ಲಿ ಜನ ಬಿಟ್ಟುಬಿಡುವ ಹೆಜ್ಜೆ ಟ್ರಸ್ಟ್. ಬ್ಲೂಟೂತ್‌ಸಿಟಿಎಲ್ ಎಂಬ ಕಮಾಂಡ್‌ನಲ್ಲಿ ಹಳೆಯ ನಮೂದನ್ನು ರಿಮೂವ್ ಮಾಡಿ, ಆಮೇಲೆ ಪೇರ್, ಟ್ರಸ್ಟ್, ಕನೆಕ್ಟ್. ಟ್ರಸ್ಟ್ ಇಲ್ಲದಿದ್ದರೆ ಮರುದಿನ ಪ್ಯಾಡ್ ತಾನಾಗಿ ಕರೆದಾಗ ಒಪ್ಪಿಗೆ ಕೊಡಲು ಆ ಕಡೆ ಯಾರೂ ಇರುವುದಿಲ್ಲ. 8ಬಿಟ್‌ಡೂ ಎಸ್‌ಎನ್30 ಪ್ರೋ ಪ್ಯಾಡ್ ಆದರೆ ಯಾವ ಮೋಡ್ ಎಂಬುದನ್ನು ಮೊದಲೇ ನಿರ್ಧರಿಸಿ: ಸ್ಟಾರ್ಟ್ ಜೊತೆ ಬಿ ಒತ್ತಿದರೆ ಒಂದು, ಎಕ್ಸ್ ಒತ್ತಿದರೆ ಇನ್ನೊಂದು. ಮೋಡ್ ಬದಲಾದರೆ ಬಟನ್ ಮ್ಯಾಪಿಂಗೂ ಬದಲು. ಪೈಯ ತಂತ್ರಾಂಶ ಅಪ್‌ಡೇಟ್ ಆದ ಮೇಲೆ ಪಿಎಸ್3 (ಪ್ಲೇಸ್ಟೇಷನ್ 3) ಪ್ಯಾಡ್ ಇದ್ದಕ್ಕಿದ್ದಂತೆ ಸೇರದೆ ಹೋದರೆ ಪ್ಯಾಡನ್ನು ದೂರಬೇಡಿ. 2023ರ ಡಿಸೆಂಬರ್‌ನಲ್ಲಿ ಬಯಲಾದ ಒಂದು ಭದ್ರತಾ ದೋಷದ ನಂತರ ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝೆಡ್‌ನ ನಿಯಮ ಬಿಗಿಯಾಯಿತು. ಇನ್‌ಪುಟ್ ಸೆಟ್ಟಿಂಗ್ ಕಡತದಲ್ಲಿ ‘ಕ್ಲಾಸಿಕ್‌ಬಾಂಡೆಡ್‌ಓನ್ಲಿ’ಯನ್ನು ಫಾಲ್ಸ್ ಮಾಡಿದರೆ ಪ್ಯಾಡ್ ಸೇರುತ್ತದೆ. ಆದರೆ ಆ ದೋಷ ಹತ್ತಿರದ ಅಪರಿಚಿತ ಸಾಧನಕ್ಕೆ ಕೀಬೋರ್ಡ್ ವೇಷ ಹಾಕಲು ದಾರಿ ಕೊಡುವಂಥದ್ದು. ಅಕ್ಕಪಕ್ಕದ ಮನೆಗಳು ಒತ್ತಾಗಿರುವ ಕಡೆ ಇದನ್ನು ಮಾಡದಿರುವುದೇ ಒಳ್ಳೆಯದು. ಪಿಎಸ್3 ಪ್ಯಾಡನ್ನು ಕೇಬಲ್‌ನಲ್ಲಿ ಬಳಸಿ.

ಒಮ್ಮೆ ಹದಕ್ಕೆ ಬಂದ ಮೇಲೆ ದಿನದ ಕ್ರಮ ಬಹಳ ಹಿತ. ಮೊದಲು ಪೈ ಆನ್. ಆಟ ಆರಿಸುವ ಎಮ್ಯುಲೇಷನ್‌ಸ್ಟೇಷನ್ ಪರದೆ ಬರುವವರೆಗೆ ಪ್ಯಾಡ್ ಮುಟ್ಟಬೇಡಿ. ಆಮೇಲೆ ಮೊದಲ ಆಟಗಾರನ ಪ್ಯಾಡಿನ ಸ್ಟಾರ್ಟ್ ಒತ್ತಿ, ದೀಪ ಮಿನುಗುವುದು ನಿಂತ ಮೇಲೆ ಎರಡನೆಯದು. ಸೇರಿದ ಕ್ರಮದಲ್ಲೇ ಒಂದು, ಎರಡು ಎಂದು ಸಂಖ್ಯೆ ಬೀಳುತ್ತದೆ. ಅವಸರದಲ್ಲಿ ಮೊದಲೇ ಒತ್ತಿದರೆ ಬ್ಲೂಟೂತ್ ಸೇವೆ ಇನ್ನೂ ಎದ್ದಿರುವುದಿಲ್ಲ, ಪ್ಯಾಡ್ ಹುಡುಕಿ ಹುಡುಕಿ ಆರಿಹೋಗುತ್ತದೆ.

ನಿಜವಾದ ಖುಷಿ ಕೊಟ್ಟಿದ್ದು ಕೀಬೋರ್ಡ್. ಸೋಫಾದಲ್ಲಿ ಕೂತು 1980ರ ದಶಕದ ಮನೆ ಕಂಪ್ಯೂಟರ್ ಕಮೊಡೋರ್ 64ರ ನೀಲಿ ಪರದೆಯಲ್ಲಿ ಲೋಡ್, ರನ್ ಎಂದು ಕೈಯಾರೆ ಟೈಪ್ ಮಾಡುವ ಸುಖವೇ ಬೇರೆ. ಪೇರ್ ಮಾಡುವಾಗ ಪರದೆಯಲ್ಲಿ ಬರುವ ಆರು ಅಂಕಿಗಳನ್ನು ಅದೇ ಬ್ಲೂಟೂತ್ ಕೀಬೋರ್ಡಿನಲ್ಲಿ ಒತ್ತಿ ಎಂಟರ್ ಕೊಡಬೇಕು. ಅಂಕಿ ಕಾಣದಿದ್ದರೆ ಬ್ಲೂಟೂತ್‌ಸಿಟಿಎಲ್‌ನಲ್ಲಿ ಅಂಕಿ ತೋರಿಸುವ ಏಜೆಂಟ್ ಆನ್ ಆಗಿಲ್ಲ ಎಂದರ್ಥ. ಆಟದಲ್ಲಿ ಎಕ್ಸ್ ಅಥವಾ ಎಂಟರ್ ಒತ್ತಿದಾಗ ಬೇರೇನೋ ಆಗುವುದು ದೋಷವಲ್ಲ: ಆಟ ಓಡಿಸುವ ತಂತ್ರಾಂಶವಾದ ರೆಟ್ರೋಆರ್ಚ್ ಆ ಕೀಗಳನ್ನು ಪ್ಯಾಡ್ ಬಟನ್‌ಗಳಾಗಿಯೂ ಓದುತ್ತದೆ. ಅದರ ಗೇಮ್ ಫೋಕಸ್ ಸೌಲಭ್ಯ ಆನ್ ಮಾಡಿದರೆ ಎಲ್ಲ ಕೀಗಳೂ ನೇರ ಆಟಕ್ಕೇ ಹೋಗುತ್ತವೆ. ಅದಕ್ಕೆ ಗೊತ್ತುಮಾಡಿರುವ ಕೀ ಸ್ಕ್ರೋಲ್ ಲಾಕ್, ಚಿಕ್ಕ ಕೀಬೋರ್ಡುಗಳಲ್ಲಿ ಇರದ ಕೀಯೂ ಅದೇ! ಇನ್‌ಪುಟ್ ಮೆನುವಿನ ಹಾಟ್‌ಕೀ ಪಟ್ಟಿಗೆ ಹೋಗಿ, ಆಟಕ್ಕೆ ಬೇಡದ ಬೇರೊಂದು ಕೀಗೆ ಬದಲಿಸಿಕೊಳ್ಳಿ.

ಸುಮ್ಮನಿದ್ದ ಕೀಬೋರ್ಡ್ ನಿದ್ದೆಗೆ ಜಾರುತ್ತದೆ, ಎಬ್ಬಿಸುವ ಮೊದಲ ಒತ್ತು ಬಹುತೇಕ ಕಳೆದುಹೋಗುತ್ತದೆ. ಶಿಫ್ಟ್ ಒತ್ತಿ ಎಬ್ಬಿಸಿ, ಆಮೇಲೆ ಟೈಪ್ ಮಾಡಿ. ಬೂಟ್ ಅರ್ಧಕ್ಕೆ ನಿಂತರೆ ಬ್ಲೂಟೂತ್ ಕೀಬೋರ್ಡ್ ಕೆಲಸಕ್ಕೆ ಬಾರದು. ಒಂದು ಹಳೆಯ ವೈರಿನ ಕೀಬೋರ್ಡನ್ನು ಟಿವಿ ಸ್ಟ್ಯಾಂಡಿನ ಕೆಳಗೆ ಇಟ್ಟುಕೊಂಡಿರಿ.