ಅಂಬಾಸಿಡರ್ ಮಾದರಿಯ ರಬ್ಬರ್ ಟೈರು: ಮೂರು ಮಳೆಗಾಲದ ನಂತರ

ಅಪ್ಪ ಕುಮಟಾ–ಶಿರಸಿ ನಡುವೆ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ದೇವಿಮನೆ ಘಟ್ಟ ಹತ್ತಿಳಿದ ಆ ಕಾರನ್ನು 1:24 ಅಳತೆಯಲ್ಲಿ ಸಾಗವಾನಿಯಲ್ಲಿ ಕೆತ್ತಿ, ಪ್ಲಾಸ್ಟಿಕ್ ರಿಮ್ ಕೂರಿಸಿದ್ದೆ. ಅದಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ರಬ್ಬರ್ ಟೈರುಗಳು ಕಾರವಾರದ ನಮ್ಮ ಮನೆಯಲ್ಲಿ ಮೂರು ಮಳೆಗಾಲ ಕಳೆದಿವೆ.

ಪೊಟ್ಟಣ ಬಿಚ್ಚಿದ ದಿನ ಅಳತೆಯೇ ತಪ್ಪಿದೆ ಅನಿಸಿತ್ತು. ಅಸಲಿ ಕಾರಿನ ರಿಮ್ 15 ಇಂಚು. 24ರಿಂದ ಭಾಗಿಸಿದರೆ ಹತ್ತಿರ ಹತ್ತಿರ 16 ಮಿಲಿಮೀಟರ್. ಟೈರಿನ ಒಳವ್ಯಾಸ ಬರೀ 14. ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ಚಿಮ್ಮಿ ಹೊರಬರುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಲು ಹೋಗಿ ಒಂದು ರಿಮ್ಮಿನ ಬೆಳ್ಳಿಬಣ್ಣ ಕಿತ್ತುಬಂತು.

ದಾರಿ ತೋರಿಸಿದ್ದು ಆಯಿ. "ಅಂಟುವಾಳದ ನೊರೆ ಹಚ್ಚಿ ನೋಡು ಮಾರಾಯ" ಅಂದರು. ಟೈರನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಎರಡು ನಿಮಿಷ ಬಿಟ್ಟೆ. ರಿಮ್ಮಿನ ಅಂಚಿಗೆ ನೊರೆ ಸವರಿ, ಟೈರಿನ ಒಂದು ಬದಿಯನ್ನು ಮೊದಲು ಕೂರಿಸಿ ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಉಳಿದ ಬದಿಯನ್ನು ಚಮಚದ ಮೊಂಡು ಹಿಡಿಕೆಯಿಂದ ಸ್ವಲ್ಪ ಸ್ವಲ್ಪವೇ ಸುತ್ತ ದಾಟಿಸುತ್ತ ಬಂದೆ. ಕೊನೆಯ ತುಂಡು ತಾನಾಗಿ ಜಾರಿ ಕೂತಿತು! ನೊರೆ ಆರುವ ಮೊದಲೇ ಚಕ್ರವನ್ನು ತಿರುಗಿಸಿ, ಓಲಾಡುತ್ತಿದ್ದರೆ ಸರಿಮಾಡಿಕೊಳ್ಳಬೇಕು. ಆರಿದ ಮೇಲೆ ಟೈರು ಅಲುಗುವುದಿಲ್ಲ. ಸೋಪಿನ ನೀರೂ ಆದೀತು. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಮಾತ್ರ ಹಚ್ಚಬೇಡಿ, ರಬ್ಬರ್ ಉಬ್ಬಿ ಸಡಿಲವಾಗುತ್ತದೆ.

ಹಿಂದೆ ಬೇರೊಂದು ಮಾದರಿಗೆ ಮೆತ್ತನೆಯ ವಿನೈಲ್ ಪ್ಲಾಸ್ಟಿಕ್ಕಿನ ಟೈರು ಹಾಕಿದ್ದೆ. ಸಲೀಸಾಗಿ ಕೂತಿತ್ತು, ಆದರೆ ಒಂದೂವರೆ ವರ್ಷಕ್ಕೆ ರಿಮ್ ಕರಗಿ ಟೈರಿಗೇ ಅಂಟಿಕೊಂಡಿತ್ತು. ವಿನೈಲ್ ಮೆತ್ತಗಾಗಲು ಬೆರೆಸುವ ರಾಸಾಯನಿಕ ನಿಧಾನಕ್ಕೆ ಒಸರಿ ರಿಮ್ಮಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಈ ರಬ್ಬರ್ ಟೈರುಗಳಲ್ಲಿ ಆ ಕಾಟ ಇಲ್ಲ. ನನ್ನ ಮಟ್ಟಿಗೆ ದುಡ್ಡು ಕೊಟ್ಟದ್ದು ಇದಕ್ಕೇ.

ಕಡಲ ಗಾಳಿಗೆ ಚಕ್ರದ ಅಚ್ಚಿಗೆ ಹಾಕಿದ್ದ ಕಬ್ಬಿಣದ ಸ್ಕ್ರೂಗಳು ಮೊದಲ ವರ್ಷವೇ ತುಕ್ಕು ಹಿಡಿದವು, ಹಿತ್ತಾಳೆಯವು ಹಾಕಿದೆ. ಆಷಾಢದಲ್ಲಿ ಟೈರಿನ ಮೇಲೆ ಬೂಷ್ಟು ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಿಟಕಿ ಬದಿಗಿದ್ದ ಮುಂದಿನ ಒಂದು ಟೈರಿನಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು ಕಂಡಿದೆ. ಎಳೆದು ಕೂರಿಸಿದ ರಬ್ಬರ್ ಬಿಸಿಲು, ಓಝೋನ್‌ಗೆ ಬೇಗ ಬಿರಿಯುತ್ತದೆ. ಈಗ ಕಾರು ಗಾಜಿನ ಕಪಾಟಿನಲ್ಲಿದೆ; ಭಾರಕ್ಕೆ ಟೈರಿನ ತಳ ಚಪ್ಪಟೆಯಾಗದಂತೆ ಕಾರಿನ ಕೆಳಗೆ ಮರದ ತುಂಡು ಕೊಟ್ಟಿದ್ದೇನೆ.

ಪೊಟ್ಟಣದಲ್ಲಿ ನಾಲ್ಕೇ ಟೈರು ಇರುವುದು ಬೇಸರ. "ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದೆ ಘಟ್ಟ ಹತ್ತಿಸ್ತೀಯಾ?" ಎಂದು ಅಪ್ಪ ಮೊದಲ ದಿನವೇ ಕೇಳಿದ್ದರು. ಐದನೆಯದಕ್ಕಾಗಿ ಇನ್ನೊಂದು ಪೊಟ್ಟಣ ತರಿಸಿದೆ.