ತಡವಾದ ಮಡಿಗೆ ನಾಟಿ ಅವರೆಯೋ, ಹೆಬ್ಬಾಳ ಅವರೆಯೋ?

ಈ ಸಲ ಕೋಲಾರದಲ್ಲಿ ಬೇಸಿಗೆ ಬೇಸಿಗೆಯಂತೆಯೇ ಇರಲಿಲ್ಲ. ಏಪ್ರಿಲ್‌ನಲ್ಲೇ ಮೋಡ, ಮೇ ತಿಂಗಳಲ್ಲಿ ಬಿಟ್ಟೂ ಬಿಡದ ಮಳೆ. ಬಿಸಿಲಿಗೆ ಹೂ ಉದುರಿಸಿ ಜೂನ್‌ಗೆ ಒಣಗಬೇಕಿದ್ದ ಹಿತ್ತಲ ಟೊಮೆಟೊ ಆಗಸ್ಟ್ ಮುಗಿದರೂ ಕಾಯಿ ಹಿಡಿಯುತ್ತಲೇ ಇತ್ತು. "ಕಾಯಿ ಬಿಡುವ ಗಿಡವನ್ನು ಕೀಳುತ್ತಾರೇನಮ್ಮ?" ಎಂದು ಅತ್ತೆ ತಡೆದರು. ಆಷಾಢದಲ್ಲಿ ಅವರೆ ಬೀಳಬೇಕಿದ್ದ ಮಡಿ ತೆರವಾದದ್ದು ಸೆಪ್ಟೆಂಬರ್ ಎರಡನೇ ವಾರ.

ಇಷ್ಟು ತಡವಾದ ಮೇಲೆ ಬೇಗ ಬರುವ ಹೆಬ್ಬಾಳ ಅವರೆ-4 ಹಾಕುವುದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಹೋದ ವರ್ಷ ಎರಡನ್ನೂ ಅಕ್ಕಪಕ್ಕ ಬೆಳೆದು ನೋಡಿರದಿದ್ದರೆ ನಾನೂ ಒಪ್ಪುತ್ತಿದ್ದೆ.

ಆಗ ಜುಲೈ ಮೊದಲ ವಾರ ಒಂದೇ ದಿನ ಬಿತ್ತಿದ್ದೆ. ಹೆಬ್ಬಾಳದ ಗಿಡ ಮೊಣಕಾಲೆತ್ತರಕ್ಕೆ ನಿಂತು ಸುಮಾರು 45 ದಿನಕ್ಕೆ ಹೂವಾಯಿತು. ನಾಟಿ ಅವರೆ ಬೇಲಿ ಹತ್ತಿ, ನುಗ್ಗೆ ಮರವನ್ನು ತಬ್ಬಿ, ನವೆಂಬರ್‌ವರೆಗೂ ಬರೀ ಸೊಪ್ಪು. ಹಗಲು ಕುಗ್ಗದೆ ಅದು ಹೂ ಬಿಡುವುದಿಲ್ಲ. ಹೆಬ್ಬಾಳದ್ದಕ್ಕೆ ಆ ಹಂಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅದನ್ನು ರೂಪಿಸಿದ್ದೇ ಯಾವ ಕಾಲದಲ್ಲೂ ಬೆಳೆಯಲೆಂದು.

ಉಳಿದಿದ್ದ ನಾಲ್ಕು ನಾಟಿ ಬೀಜಗಳನ್ನು ಸೆಪ್ಟೆಂಬರ್ ನಡುವೆ ಒಡೆದ ಬಕೆಟ್ಟಿಗೆ ಹಾಕಿ ಮರೆತಿದ್ದೆ. ಜುಲೈ ಗಿಡಗಳಿಗಿಂತ ಒಂದು ವಾರವಷ್ಟೇ ತಡವಾಗಿ ಅವೂ ಹೂ ಬಿಟ್ಟವು, ತೊಡೆಯೆತ್ತರದಲ್ಲಿ! ಕಾಯಿ ಕಡಿಮೆ, ನಿಜ. ಗಿಡ ಹಿಡಿದ ಜಾಗವೂ ಅಷ್ಟೇ ಕಡಿಮೆ.

ಹೇನಿನ ಕಾಟ ಎರಡಕ್ಕೂ ಇತ್ತು. ಮೋಡದ ದಿನಗಳಲ್ಲಿ ಹೂವಾದ ಹೆಬ್ಬಾಳದ ತುದಿಗಳು ಕಪ್ಪಗೆ ಮೆತ್ತಿಕೊಂಡು, ಎರಡು ಸಲ ಬೇವಿನೆಣ್ಣೆ ಹೊಡೆಯಬೇಕಾಯಿತು.

ಇನ್ನು ಸೊಗಡು. ನಾಟಿ ಕಾಯಿ ಸುಲಿದರೆ ಬೆರಳಿಗೆ ಜಿಡ್ಡು ಅಂಟುತ್ತದೆ, ಸೋಪು ಹಾಕಿ ತೊಳೆದರೂ ರಾತ್ರಿ ಮಲಗುವಾಗ ಕೈ ಘಮ್ಮೆನ್ನುತ್ತದೆ. ಹೆಬ್ಬಾಳದ ಕಾಳಿನಿಂದ ಹಿದುಕಿದ ಬೇಳೆ ಸಾರು ಮಾಡಿದ ದಿನ ನಮ್ಮ ಯಜಮಾನರು ಎರಡನೇ ಮುದ್ದೆ ಕೇಳಲಿಲ್ಲ. ಉಪ್ಪಿಟ್ಟಿಗಾದರೆ ಅಡ್ಡಿಯಿಲ್ಲ.

ಹಾಗಾಗಿ ಈ ವರ್ಷ ಮಡಿಯ ಮುಕ್ಕಾಲು ಭಾಗ ನಾಟಿಗೆ. ಆಷಾಢದಲ್ಲಾದರೆ ಗಿಡದಿಂದ ಗಿಡಕ್ಕೆ 3 ಅಡಿ ಬಿಡುತ್ತಿದ್ದೆ, ಈಗ ಒಂದೂವರೆ ಅಡಿ ಸಾಕು. ಅಂಚಿಗೆ ಒಂದು ಸಾಲು ಹೆಬ್ಬಾಳ. ನಾಟಿ ಕಾಯಿ ಬಲಿಯುವ ಮೊದಲು ಅಡುಗೆಮನೆಗೆ ಏನಾದರೂ ಬೇಕಲ್ಲ. ಉತ್ತರೆ ಮಳೆಯ ಹಸಿ ಆರುವ ಮೊದಲೇ ಟೊಮೆಟೊ ಕಿತ್ತ ಗುಣಿಗಳಲ್ಲಿ ಎರಡೆರಡು ಬೀಜ ಊರಿದ್ದೇನೆ. ಮೂಲೆಯ ಒಂದು ಟೊಮೆಟೊ ಗಿಡವನ್ನು ಮಾತ್ರ ಕೀಳಲು ಅತ್ತೆ ಇನ್ನೂ ಬಿಟ್ಟಿಲ್ಲ.