ಹಿಮ್ಮಡಿ ನೋವಿಗೆ ಯಾವುದು: ಎಳೆತವೋ, ಭಾರವೋ, ಇಂಜೆಕ್ಷನ್ನೋ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದಿನವಿಡೀ ನಿಂತೇ ದುಡಿಯುವವರಿಗೆ ಬೆಳಗಿನ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ, ಅದು ಹೆಚ್ಚಾಗಿ ಅಂಗಾಲಿನ ಫ್ಯಾಷಿಯಾದ (ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಬ್ಬಿದ ಗಟ್ಟಿ ಪಟ್ಟಿಯ) ತೊಂದರೆ.

ಎಳೆತ ಸುಲಭ. ಹಾಸಿಗೆ ಬಿಡುವ ಮುಂಚೆಯೇ ಕಾಲ್ಬೆರಳುಗಳನ್ನು ಹಿಂದಕ್ಕೆ ಎಳೆದು 10 ಸೆಕೆಂಡ್ ಹಿಡಿಯಿರಿ. 10 ಸಲ, ದಿನಕ್ಕೆ 3 ಬಾರಿ. ದಿನದ ಮೊದಲ ಬಾರಿಯದ್ದು ಮೊದಲ ಹೆಜ್ಜೆಗೆ ಮುಂಚೆಯೇ ಆಗಲಿ.

ಭಾರದ ವ್ಯಾಯಾಮ ದಿನ ಬಿಟ್ಟು ದಿನ. ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡ್ ತಡೆದು, 3 ಸೆಕೆಂಡಿನಲ್ಲಿ ಇಳಿಸಬೇಕು. ಬೆರಳಡಿ ಸುತ್ತಿದ ಟವೆಲ್ ಇರಲೇಬೇಕು; ಬೆರಳು ಮೇಲಕ್ಕೆ ಬಾಗಿ ಫ್ಯಾಷಿಯಾ ಇನ್ನಷ್ಟು ಬಿಗಿಯಾಗುವುದು ಅದರಿಂದ. ಡೆನ್ಮಾರ್ಕ್‌ನ ಅಧ್ಯಯನವೊಂದರಲ್ಲಿ 3 ತಿಂಗಳಿಗೆ ಎಳೆತಕ್ಕಿಂತ ಇದೇ ಮುಂದಿತ್ತು, ವರ್ಷದ ಹೊತ್ತಿಗೆ ಎರಡೂ ಸಮ. ಬೇಗ ಕೆಲಸಕ್ಕೆ ಮರಳಬೇಕಾದವರಿಗೆ ಇದೇ ಮೇಲು.

ಸ್ಟೀರಾಯ್ಡ್ ಇಂಜೆಕ್ಷನ್ನಿನ ಆರಾಮ ಕೆಲವು ವಾರದ್ದು. ಫ್ಯಾಷಿಯಾ ಹರಿಯುವ ಅಪಾಯವೂ ಉಂಟು.